ಸೀರೆ ಅಂಗಡಿಯ ಐದು ಮುಖಗಳು

ನಮ್ಮ ಸೋದರಮಾವನಿಗೆ ನಗಲು ಬರುವುದಿಲ್ಲ. ಇದು ನನ್ನ ಮಾತಲ್ಲ. ಮೂವತ್ತು ವರ್ಷದಿಂದ ಅವರು ಸೀರೆ ಬಿಚ್ಚಿ ತೋರಿಸುತ್ತಿರುವ ಶಿರಾಳಕೊಪ್ಪದ ಬಟ್ಟೆ ಅಂಗಡಿಯವರು ಬರೆದು ಕೊಟ್ಟ ಅಭಿಪ್ರಾಯ! ಆ ಕಾಗದ ನೋಡಿದಾಗಿನಿಂದ ನನಗೆ ಮೈಯೆಲ್ಲ ಉರಿಯುತ್ತಿದೆ.

ಹಳೇ ಸಾಹುಕಾರರಿದ್ದಾಗ ಎಲ್ಲ ಸರಿಯಿತ್ತು. ನೆಲದ ಮೇಲೆ ಗಾದಿ, ಗಾದಿಯ ಮೇಲೆ ಮಾವ, ಮಾವನ ಮುಂದೆ ಸೀರೆಯ ಗುಡ್ಡ. ಬಂದವರನ್ನು ಮೊದಲು ಕೇಳುತ್ತಿದ್ದುದು, ಸೀರೆ ಯಾರಿಗೆ ಎಂದು. ಒಮ್ಮೆ ಮಾರಾಟವಾಗಿಯೇ ಹೋಗಿದ್ದ ಸೀರೆಯನ್ನು, "ನಿಮ್ಮತ್ತೆಗೆ ಇದನ್ನ ಕೊಟ್ರೆ ಮುಂದಿನ ಹಬ್ಬಕ್ಕೆ ನಿಮಗೇ ವಾಪಸ್ ಬರ್ತತಿ, ಬ್ಯಾಡ ಬಿಡ್ರಿ" ಎಂದು ಮಡಿಚಿಟ್ಟವರು ಅವರು. ಇಂಥವರನ್ನು ಯಾವ ಸಾಹುಕಾರ ಸಾಕುತ್ತಾನೆ ಹೇಳಿ? ಆದರೆ ಗಿರಾಕಿಗಳು ಸೊರಬದಿಂದ ಬಸ್ಸು ಹತ್ತಿ ಬರುತ್ತಿದ್ದುದೇ ಇವರಿಗಾಗಿ.

ಈಗ ಅಂಗಡಿ ಸಾಹುಕಾರರ ಸೊಸೆಯ ಕೈಯಲ್ಲಿದೆ. ಗಾದಿ ಹೋಗಿ ಗಾಜಿನ ಕೌಂಟರ್ ಬಂತು. ಮೊಣಕಾಲು ನೋವಿನ ಮಾವ ದಿನವಿಡೀ ನಿಲ್ಲಬೇಕು. ಕೊರಳಿಗೆ ಟೈ! ಬಂದವರಿಗೆಲ್ಲ ನಗುತ್ತಾ "ವೆಲ್‌ಕಮ್" ಅನ್ನಬೇಕಂತೆ. ಮಾವ ಒಂದು ವಾರ ಕನ್ನಡಿಯ ಮುಂದೆ ಅಭ್ಯಾಸ ಮಾಡಿದರು. ಆ ನಗು ನೋಡಿದ ಆನವಟ್ಟಿಯ ಹೆಂಗಸೊಬ್ಬರು, ಪಾಪ, ಹಲ್ಲುನೋವಿರಬೇಕೆಂದು ಎಲೆಯಡಿಕೆ ಚೀಲದಿಂದ ಲವಂಗ ತೆಗೆದುಕೊಟ್ಟರು.

ಸಾಲದ್ದಕ್ಕೆ ಬಾಗಿಲಲ್ಲಿ ಒಂದು ಯಂತ್ರ. ಹೊರಡುವವರನ್ನು ಅದು "ಈಗ ನಿಮಗೆ ಹೇಗನ್ನಿಸುತ್ತಿದೆ?" ಎಂದು ಕೇಳುತ್ತದೆ. ನಗುವ ಮುಖದಿಂದ ಅಳುವ ಮುಖದವರೆಗೆ ಐದು ಮುಖಗಳು. ಒಂದನ್ನು ಒತ್ತಬೇಕು. ಕಳೆದ ತಿಂಗಳು ಹೊಸಬಾಳೆಯ ಹೆಂಗಸೊಬ್ಬರು ಅಳುವ ಮುಖ ಒತ್ತಿ ಹೋದರು. ಮರುದಿನವೇ ಮಾವನ ಕೈಗೆ ಕಾಗದ: ನಿಮಗೆ ನಗಲು ಬರುವುದಿಲ್ಲ, ಗಿರಾಕಿಗಳು ನೊಂದು ಹೋಗುತ್ತಿದ್ದಾರೆ, ವಿವರಣೆ ಕೊಡಿ, ಇಲ್ಲವೇ ಗೋದಾಮಿಗೆ ಹೋಗಿ.

ಮಾವ ವಿವರಣೆ ಬರೆಯಲಿಲ್ಲ. "ಆಯಮ್ಮನ ಸಂಕಟಾನ ನಾನ್ಯಾಕೆ ಹಾಳಿ ಮ್ಯಾಲೆ ಬರೀಲಿ?" ಎಂದವರೇ ಗೋದಾಮಿಗೆ ಹೋಗಿ ಗಂಟು ಕಟ್ಟುತ್ತಾ ಕೂತರು. ಅವರು ಸುಮ್ಮನಿದ್ದರೆ ನಾನು ಸುಮ್ಮನಿರುತ್ತೇನೆಯೇ? ಆ ಹೆಂಗಸು ಬಂದ ದಿನ ನಾನೂ ಅಂಗಡಿಯಲ್ಲಿದ್ದೆ. ನೆಟ್ಟಗೆ ಸೊಸೆಯ ಮುಂದೆ ಹೋಗಿ ನಿಂತು, ಕಂಡದ್ದನ್ನೆಲ್ಲ ಹೇಳಿದೆ. ಕೇಳಿ ಮುಗಿದ ಮೇಲೆ ಅವರು ಎದ್ದು, ತಾವೇ ಗೋದಾಮಿಗೆ ಹೋಗಿ ಮಾವನನ್ನು ಕರೆತಂದರು.

ನಾನು ಹೇಳಿದ್ದು ಇಷ್ಟೇ. ಆ ಹೆಂಗಸು ತಮ್ಮ ತಾಯಿಗೆ ಸೀರೆ ಕೊಳ್ಳಲು ಬಂದಿದ್ದರು. ಹಾಸಿಗೆ ಹಿಡಿದ ತಾಯಿಗೆ ಇನ್ನು ಕೆಲವೇ ದಿನ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹೊಸ ಸೀರೆ ಉಡುವ ಆಸೆ ಆ ಅಜ್ಜಿಗೆ, ಆದರೆ ತಾನೇ ಆರಿಸಬೇಕು. ವಿಡಿಯೋ ಕಾಲ್‌ನಲ್ಲಿ ಸೀರೆ ತೋರಿಸುವುದು ಅಂಗಡಿಯ ಹೊಸ ಪದ್ಧತಿ. ಮಾವ ಅದನ್ನು ಬೈದುಕೊಂಡೇ ಕಲಿತಿದ್ದರು. ಅವತ್ತು ಅವರೇ ಕಾಲ್ ಹಚ್ಚಿ, ಮೊಬೈಲನ್ನು ನನ್ನ ಕೈಗೆ ಕೊಟ್ಟು, ಟೈ ಬಿಚ್ಚಿ, ಮೊಣಕಾಲು ಹಿಡಿದುಕೊಂಡು ನೆಲದ ಮೇಲೆ ಕೂತರು. ಒಂದೊಂದೇ ಸೀರೆ ಹರಡಿ, ಸೆರಗು ತೋರಿಸಿದರು. ಮುಕ್ಕಾಲು ಗಂಟೆ. ಕೊನೆಗೆ ಅಜ್ಜಿ ಒಂದು ಎಲೆಹಸಿರು ಸೀರೆ ಒಪ್ಪಿದರು. ಒಪ್ಪಿ, ಕ್ಷೀಣ ದನಿಯಲ್ಲಿ ಕೇಳಿದರು: "ಒಗೆದ್ರೆ ಬಣ್ಣ ಬಿಡ್ತತೇನಪ್ಪಾ?"

ಮಗಳು ಗೋಡೆಯ ಕಡೆ ತಿರುಗಿ ನಿಂತರು. ಮಾವ ಸೆರಗನ್ನು ಮೊಬೈಲಿನ ಹತ್ತಿರಕ್ಕೆ ಹಿಡಿದು, "ಹತ್ತು ವರ್ಷ ಒಗೀರಿ ಅವ್ವಾ. ಬಣ್ಣ ಬಿಟ್ರೆ ನನ್ನ ಹತ್ರ ತಗೊಂಬರ್ರಿ" ಎಂದರು.