ಕ್ವೀನ್ ಸೈಜಿನ ಪಲ್ಲಂಗ

ಮದುವೆ ಸಾಮಾನನ್ನು ಟೆಂಪೋಗೆ ಏರಿಸುವ ಮೊದಲು ಓಣಿಯವರಿಗೆಲ್ಲ ತೋರಿಸುವ ರೂಢಿ ಇಲ್ಲದಿದ್ದರೆ, ಸವಣೂರಿನ ಎಲೆ ವ್ಯಾಪಾರಿ ನಬೀಸಾಬನ ಆ ದಿನ ನೆಮ್ಮದಿಯಿಂದ ಕಳೆಯುತ್ತಿತ್ತು. ಮಗಳು ಮಾಹೀರಾಳ ನಿಕಾ ನಾಳೆ. ಪಲ್ಲಂಗ ಇಂದೇ ಅಕ್ಕಿಆಲೂರಿನ ಬೀಗರ ಮನೆ ಸೇರಬೇಕು. ಅಪ್ಪ ಜಿಪುಣತನ ಮಾಡಿದನೆಂದು ಮಗಳು ಅಲ್ಲಿ ಒಂದು ಮಾತೂ ಕೇಳಬಾರದು, ಅವನ ಆಸೆ ಇಷ್ಟೇ.

ಪಕ್ಕದ ಮನೆಯ ಜನ್ನತಬಿ ಎಮ್ಮೆ ಕೊಳ್ಳಲು ಬಂದವಳಂತೆ ಪಲ್ಲಂಗವನ್ನು ಎರಡು ಸುತ್ತು ಹಾಕಿದಳು.

"ಇದಕ್ಕ ಏನಂತಾರ, ನಬೀ ಭಾಯ್?"

"ಕ್ವೀನ್ ಸೈಜ್. ಐದು ಫೂಟ್ ಅಗಲ, ಆರೂವರೆ ಫೂಟ್ ಉದ್ದ. ಇಬ್ಬರಿಗೆ ಬೇಕಾದಷ್ಟಾತು."

"ಇದಕ್ಕಿಂತ ದೊಡ್ಡದು ಇರೂದಿಲ್ಲೇನು?"

"ಕಿಂಗ್ ಇರ್ತದ. ಉದ್ದ ಇಷ್ಟ, ಅಗಲ ಒಂದು ಫೂಟ್ ಜಾಸ್ತಿ."

"ಅಂದ್ರ ದೊಡ್ಡದು ಇದ್ದೂ ಸಣ್ಣದು ಕೊಡಾಕತ್ತೀರಿ!"

"ಅಬ್ಬಾಜಾನ್, ಅವರ ಮಲಗೂ ಕೋಲಿ ಏಳೂವರೆ ಫೂಟ್ ಅಗಲ ಐತಿ. ಶಾಹಬಾಜ ಅಳತಿ ಹಿಡದ ಹೇಳ್ಯಾರ, ಇದ ಸಾಕು," ಎಂದು ಮಾಹೀರಾ ಒಳಗಿನಿಂದ ಕೂಗಿದಳು. ಕೇಳುವವರು ಯಾರು? ನಬೀಸಾಬನ ತಲೆ ಆಗಲೇ ಕೆಟ್ಟಿತ್ತು. ಟೆಂಪೋ ಪಲ್ಲಂಗದ ಅಂಗಡಿಗೆ ವಾಪಸ್ ಹೋಗಿ, ಅದನ್ನು ಬದಲಿಸಿ ಕಿಂಗ್ ಪಲ್ಲಂಗ ಹೊತ್ತುಕೊಂಡು ಅಕ್ಕಿಆಲೂರಿನ ದಾರಿ ಹಿಡಿಯಿತು.

ಅಲ್ಲಿ ಅಳಿಯನಾಗಲಿದ್ದ ಶಾಹಬಾಜ ತಾನೇ ಪಲ್ಲಂಗ ಜೋಡಿಸಿದ. ಮೂಲೆಯ ಬೋಲ್ಟು ಬಿಗಿಯಲು ಬಾಗಿಲು ಮುಚ್ಚಿಕೊಂಡವನಿಗೆ, ಬಿಗಿದ ಮೇಲೆ ಅದನ್ನು ತೆರೆಯಲಾಗಲಿಲ್ಲ. ಒಳಕ್ಕೆ ತೆರೆಯುವ ಬಾಗಿಲು ಪಲ್ಲಂಗಕ್ಕೆ ಬಡಿದು ಅರ್ಧದಲ್ಲೇ ನಿಂತಿತು. ಮದುಮಗ ಒಳಗೆ, ಬಿರಿಯಾನಿ ಹೊರಗೆ. ಇಡೀ ಪಲ್ಲಂಗ ಬಿಚ್ಚಿದ ಮೇಲೆಯೇ ಅವನ ಬಿಡುಗಡೆಯಾಯಿತು.

ಟೆಂಪೋದ ಜೊತೆ ಬಂದಿದ್ದ ನಬೀಸಾಬ ನಾಚಿಕೊಂಡ. "ಸಂಜೀಕ ಬರ್ತೇನ್ರಿ," ಎಂದಷ್ಟೇ ಹೇಳಿ, ಬಿಚ್ಚಿದ ಹಲಗೆಗಳನ್ನೆಲ್ಲ ಟೆಂಪೋಗೆ ತುಂಬಿಸಿದ. ಮತ್ತೆ ಸವಣೂರು. ಅಂಗಡಿಯವನು ಕೈಮುಗಿದು, "ಚಾಚಾ, ಇದ ಕಡೀದು. ಇನ್ನೊಮ್ಮೆ ಬದಲಿ ಮಾಡಂಗಿಲ್ಲ," ಎಂದು ಕ್ವೀನ್ ಪಲ್ಲಂಗ ಕೊಟ್ಟ. ನಬೀಸಾಬ ಅದನ್ನು ಹೇರಿಕೊಂಡು, ದಾರಿಯುದ್ದಕ್ಕೂ ಜನ್ನತಬಿಯನ್ನು ಬೈಯುತ್ತ, ಬೆನ್ನು ಹಿಡಿದುಕೊಂಡು ಸಂಜೆ ಬೀಗರ ಮನೆ ಮುಟ್ಟಿದ.

ಮನೆಯ ಮುಂದೆ ಇಟ್ಟಿಗೆಯ ರಾಶಿ. ಓಣಿಯ ಮಂದಿಯೆಲ್ಲ ಅಲ್ಲೇ ನೆರೆದಿದ್ದರು. ಮೈಯೆಲ್ಲ ಧೂಳಾಗಿದ್ದರೂ ಶಾಹಬಾಜನ ತಾಯಿ ಮುಮ್ತಾಜಬೇಗಂ ನಗುತ್ತ ಎದುರಿಗೆ ಬಂದಳು.

"ಬರ್ರಿ ಬೀಗರ! ಕೋಲಿ ಸಣ್ಣದಂತ ಸಿಟ್ಟಾಗಿ ಪಲ್ಲಂಗ ವಾಪಸ್ ಒಯ್ದ್ರಿ, ನಮಗ ಭಾಳ ಅವಮಾನ ಆತು. ಗೌಂಡಿ ಕರಸಿ ನಡುವಿನ ಗ್ವಾಡಿನ ತೆಗೆಸೇವಿ. ಆರು ಫೂಟಿನ ಗಾದಿನೂ ತರಸೇವಿ. ಇನ್ನ ಇಳಸ್ರಿ ನಿಮ್ಮ ಪಲ್ಲಂಗ!"

ನಬೀಸಾಬ ಬೇಡ ಅನ್ನುವಷ್ಟರಲ್ಲಿ ಹುಡುಗರು ಇಳಿಸಿಯೇಬಿಟ್ಟರು. ಅಗಲವಾದ ಹೊಸ ಕೋಲಿಯಲ್ಲಿ ಅದು ಪಾಪ, ಕೂಸಿನ ತೊಟ್ಟಿಲಿನಂತೆ ಕಂಡಿತು. ಗಾದಿ ಎರಡೂ ಬದಿಗೆ ಅರ್ಧರ್ಧ ಅಡಿ ಜೋತುಬಿದ್ದಿತು.

ಮುಮ್ತಾಜಬೇಗಂ ಪಲ್ಲಂಗ ನೋಡಿದಳು, ನೆರೆದ ಮಂದಿಯನ್ನು ನೋಡಿದಳು, ಕಡೆಗೆ ನಬೀಸಾಬನನ್ನು ನೋಡಿದಳು.

"ಏನ್ರಿ ಬೀಗರ, ಮುಂಜಾನೆ ದೊಡ್ಡದು ತೋರಿಸಿ, ಸಂಜೀಕ ಸಣ್ಣದು ಇಳಿಸಿದ್ರ್ಯಾ?"