ಮಿಂಚುಳ್ಳಿಯ ಅಣ್ಣತಮ್ಮಂದಿರು

ತನಗೆ ಗೊತ್ತಿಲ್ಲದ ವಿಷಯವನ್ನು ಕಲಿಸುವುದು ಮಾಸ್ತರನಾದವನಿಗೆ ದೊಡ್ಡ ಕಷ್ಟವೇನಲ್ಲ. ಧ್ವನಿಯನ್ನು ಸ್ವಲ್ಪ ಎತ್ತರಿಸಿ, ಕರಿಹಲಗೆಯ ಮೇಲೆ ಎರಡು ಗೆರೆ ಎಳೆದು, ಅದರ ಕೆಳಗೆ ಒಂದು ಲ್ಯಾಟಿನ್ ಹೆಸರು ಬರೆದರೆ ನಲವತ್ತು ನಿಮಿಷ ಹೇಗೋ ಕಳೆದುಹೋಗುತ್ತದೆ. ಕಷ್ಟ ಶುರುವಾಗುವುದು ಆ ವಿಷಯ ಗೊತ್ತಿರುವವರು ಮನೆಯಲ್ಲೇ ಇದ್ದಾಗ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹುನಗುಂದದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಬಿ.ಎಸ್ಸಿ. ಮುಗಿಸಿದ್ದೆ, ಎರಡನೇ ದರ್ಜೆಯಲ್ಲಿ. ದರ್ಜೆಯನ್ನು ಕೇಳಿದವರಿಗೆ ಮಾತ್ರ ಹೇಳುತ್ತಿದ್ದೆ, ಬಿ.ಎಸ್ಸಿ. ಎಂಬುದನ್ನು ಕೇಳದವರಿಗೂ ಹೇಳುತ್ತಿದ್ದೆ. ಹೆಂಡತಿ ಸುವರ್ಣಾ ಚೊಳಚಗುಡ್ಡದವಳು. ಏಳನೆಯ ಇಯತ್ತೆಗೆ ಸಾಲಿ ಬಿಟ್ಟು ತಂದೆಯ ಎಲೆಬಳ್ಳಿ ತೋಟ ಕಾಯುತ್ತ ಬೆಳೆದವಳು. ಇಂಥವಳಿಗೆ ನನ್ನಂಥ ವಿದ್ವಾಂಸ ಗಂಡನಾಗಿ ಸಿಕ್ಕದ್ದು ಅವಳ ಪುಣ್ಯ ಎಂದು ನಾನು ನಂಬಿದ್ದೆ. ಅವಳೂ ಹಾಗೇ ನಂಬಿರಬೇಕು ಎಂದುಕೊಂಡಿದ್ದೆ, ಕೇಳಿ ನೋಡಿರಲಿಲ್ಲ.

ಆ ವರ್ಷ ಬಾಗಲಕೋಟೆಯಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನ ಇತ್ತು. ನಮ್ಮ ಹೆಡ್‌ಮಾಸ್ತರರು ನನ್ನನ್ನು ಕರೆದು, "ಏನರ ಒಂದು ಬಹುಮಾನ ತಗೊಂಡು ಬರ್ರಿ. ನಿಮ್ಮನ್ನ ಕಾಯಂ ಮಾಡೋ ಮಾತು ಕಮಿಟಿ ಮುಂದ ಇಡಾಕ ನನಗೂ ಒಂದು ನೆವ ಬೇಕಲ್ಲ," ಎಂದರು. ಮೂರು ವರ್ಷ ನಾನು ಪಾಠ ಮಾಡಿದ್ದು ಅವರಿಗೆ ನೆವ ಎನಿಸಿರಲಿಲ್ಲ. ಅದು ಇರಲಿ. ಬಾವಿಯ ಕಟ್ಟೆಯ ಮೇಲೆ ಒಂದು ಮಿಂಚುಳ್ಳಿ ಕೂತಿದ್ದನ್ನು ಕಂಡು, 'ಮಿಂಚುಳ್ಳಿ ಮತ್ತು ಅದರ ಬಂಧುಬಳಗ' ಎಂಬ ದೊಡ್ಡ ನಕ್ಷೆಯನ್ನು ಬರೆಸುವುದೆಂದು ನಿರ್ಧರಿಸಿದೆ. ಸೀರೆಯ ಸೆರಗಿಗೆ ನಕ್ಷೆ ಹಾಕುವ ನೇಕಾರ ಮಿತ್ರನೊಬ್ಬ ಇಳಕಲ್ಲಿನಲ್ಲಿದ್ದ. ಅವನು ಹಕ್ಕಿಗಳನ್ನು ಬರೆದುಕೊಟ್ಟ. ಬಣ್ಣ ಬಹಳ ಸೊಗಸಾಗಿತ್ತು. ಹಕ್ಕಿಯ ಕಾಲು ಬರೆಯುವುದು ಮಾತ್ರ ಅವನಿಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಎಲ್ಲ ಹಕ್ಕಿಗಳನ್ನೂ ಹುಲ್ಲಿನಲ್ಲಿ ನಿಲ್ಲಿಸಿದ್ದ. ಬಂಧುಬಳಗವನ್ನು ಆರಿಸಿದವನು ನಾನು. ಮಿಂಚುಳ್ಳಿ ಮೀನು ತಿನ್ನುತ್ತದೆ, ನೀರಿನ ಬಳಿ ಇರುತ್ತದೆ. ಆದ್ದರಿಂದ ಬೆಳ್ಳಕ್ಕಿ, ಕೊಕ್ಕರೆ, ನೀರುಕಾಗೆ ಇವೇ ಅದರ ನೆಂಟರು. ಇದಕ್ಕೆ ಪುಸ್ತಕ ತೆಗೆದು ನೋಡುವ ಅಗತ್ಯ ನನಗೆ ಕಾಣಲಿಲ್ಲ. ಪುಸ್ತಕ ನೋಡುವುದು ಪದವಿ ಇಲ್ಲದವರ ಕೆಲಸ.

ನಕ್ಷೆಯನ್ನು ಪಡಸಾಲೆಯ ಗೋಡೆಗೆ ತೂಗುಹಾಕಿ ದೂರ ನಿಂತು ನೋಡುತ್ತಿದ್ದಾಗ, ಅಕ್ಕಿ ಆರಿಸುತ್ತಿದ್ದ ಸುವರ್ಣಾ ತಲೆ ಎತ್ತಿದಳು.

"ಇದನ್ಯಾಕ ಕೊಕ್ಕರಿ ಸಾಲಿನ್ಯಾಗ ನಿಲ್ಲಿಸೀರಿ? ಇದು ನೀಲಕಂಠನ ಬಳಗದ್ದಲ್ಲೇನು?"

ನಾನು ನಕ್ಕೆ. ತಿಳಿವಳಿಕೆಯುಳ್ಳವರು ತಿಳಿವಳಿಕೆಯಿಲ್ಲದವರ ಮುಂದೆ ನಗುವ ನಗು ಅದು; ಕಾಲೇಜಿನಲ್ಲಿ ನಮ್ಮ ಪ್ರೊಫೆಸರರಿಂದ ನಾನು ಕಲಿತದ್ದರಲ್ಲಿ ಅದೊಂದೇ ಪೂರ್ತಿ ಬರುತ್ತಿತ್ತು. "ಹೆಂಗ?" ಎಂದೆ.

"ಕೊಕ್ಕರಿ ಗಿಡದ ಮ್ಯಾಲೆ ಕಡ್ಡಿ ಒಟ್ಟಿ ಗೂಡು ಕಟ್ಟತೈತಿ. ಮಿಂಚುಳ್ಳಿ ದಂಡಿ ಮಣ್ಣಾಗ ತೂತು ಕೊರೀತೈತಿ. ನೀಲಕಂಠ ಗಿಡದ ಪೊಟರ್ಯಾಗ ಇಡತೈತಿ. ಹಸರ ಹಕ್ಕಿ, ಜೇನ ಹಿಡೀತೈತಲ್ಲ, ಅದೂ ತೂತಿನ್ಯಾಗ. ಮೂರರ ತತ್ತೀನೂ ಬೆಳ್ಳಗ, ಗುಂಡಗ ಇರತಾವ. ತಲೀನೂ ದೊಡ್ಡವು. ಎಲ್ಲಾ ಅಣ್ಣತಮ್ಮರು."

"ಹಾವೂ ತೂತಿನ್ಯಾಗ ಇರತೈತಿ, ಇಲೀನೂ ತೂತಿನ್ಯಾಗ ಇರತೈತಿ. ಅವೂ ಅಣ್ಣತಮ್ಮರೇನು?" ಎಂದೆ. "ಮೀನ ತಿನ್ನೋದು ಮೀನ ತಿನ್ನೋರ ಬಳಗ. ಇದು ವಿಜ್ಞಾನ."

ಸುವರ್ಣಾ ಒಂದು ಕಲ್ಲು ಆರಿಸಿ ತೆಗೆದು ಬದಿಗಿಟ್ಟಳು. "ನೀವೂ ಉಪ್ಪಿಟ್ಟು ತಿಂತೀರಿ, ನಮ್ಮಪ್ಪಾರೂ ಉಪ್ಪಿಟ್ಟು ತಿಂತಾರ. ಹಂಗಂದ್ರ ನೀವು ನನಗ ಕಾಕಾ ಆಗಬೇಕು."

ನಾನು ಧ್ವನಿ ಎತ್ತರಿಸಿದೆ. ಅವಳೂ ಎತ್ತರಿಸಿದಳು. ಮೀನು, ತತ್ತಿ, ಮತ್ತೆ ಮೀನು, ಮತ್ತೆ ತತ್ತಿ ಎಂದು ಅರ್ಧ ಗಂಟೆ ನಡೆಯಿತು. ಇದರಲ್ಲಿ ಅಪಾಯವೇನೆಂದರೆ, ನಮ್ಮ ಮನೆಯ ಮಾಲೀಕರಾದ ಗುರುಲಿಂಗಪ್ಪನವರು ಪಕ್ಕದಲ್ಲೇ ಇದ್ದರು. ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ಮನೆ ಬಾಡಿಗೆಗೆ ಕೊಡುವಾಗಲೇ ಅವರು, "ಮಾಸ್ತರ, ಈ ಮನ್ಯಾಗ ತತ್ತಿ ತರೋದು ದೂರ ಉಳೀತು, ತತ್ತಿ ಸುದ್ದಿ ಸೈತ ತೆಗೀಬಾರದು," ಎಂದು ಕರಾರು ಮಾಡಿದ್ದರು. ಮರುದಿನ ಅವರು ನನ್ನ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಮಾಡಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡೆ.

ಮುಂದಿನ ಭಾನುವಾರ ನಾವು ಚೊಳಚಗುಡ್ಡಕ್ಕೆ ಹೋಗುವುದಿತ್ತು. ಅಲ್ಲಿಂದ ಪಟ್ಟದಕಲ್ಲಿಗೆ ಹೋಗಿ, ಹೊಳೆಯ ದಂಡೆಯಲ್ಲಿ ನಿಂತು, ಮಿಂಚುಳ್ಳಿಗೂ ತೂತಿಗೂ ಸಂಬಂಧವಿಲ್ಲವೆಂದು ಇವಳಿಗೆ ಪ್ರತ್ಯಕ್ಷ ತೋರಿಸಿಬಿಡುತ್ತೇನೆ ಎಂದು ಹೊರಟೆ. ಮಲಪ್ರಭೆಯಲ್ಲಿ ನೀರು ಇಳಿದು ದಂಡೆಯ ಮಣ್ಣು ಗೋಡೆಯಂತೆ ನಿಂತಿತ್ತು. ಪ್ರವಾಸಿಗರೆಲ್ಲ ಗುಡಿಗಳನ್ನು ನೋಡುತ್ತಿದ್ದರು. ನಾವಿಬ್ಬರೇ ಗುಡಿಗಳಿಗೆ ಬೆನ್ನು ಮಾಡಿ ಮಣ್ಣು ನೋಡುತ್ತಿದ್ದೆವು. ಐದು ನಿಮಿಷವೂ ಆಗಿರಲಿಲ್ಲ, ಕಪ್ಪು ಬಿಳುಪಿನ ಮಿಂಚುಳ್ಳಿಯೊಂದು ನೀರಿನ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು, ದೊಪ್ಪನೆ ಬಿದ್ದು, ಬಾಯಲ್ಲಿ ಮೀನು ಹಿಡಿದು ಎದ್ದು, ನೇರ ದಂಡೆಯ ತೂತೊಂದರೊಳಗೆ ಹೋಗಿಬಿಟ್ಟಿತು. ಹಕ್ಕಿಗಳಿಗೂ ಕೆಲವು ಸಲ ಮನುಷ್ಯರ ಮರ್ಯಾದೆಯ ಬಗ್ಗೆ ಕಾಳಜಿ ಇರುವುದಿಲ್ಲ.

ಸುವರ್ಣಾ ನನ್ನ ಮುಖ ನೋಡಿದಳು. ನಾನು, "ಅದು ಇಲಿಯ ತೂತು. ಹಕ್ಕಿ ಸುಮ್ಮನೆ ಒಳಗೆ ಹೊಕ್ಕೈತಿ," ಎಂದು, ಪಕ್ಕದ ಇನ್ನೊಂದು ತೂತಿಗೆ, ಹೆಗಲವರೆಗೆ ಕೈ ತೂರಿಸಿದೆ. ಅದು ಬಾಡಿಗೆದಾರರು ಈಗಷ್ಟೇ ಖಾಲಿ ಮಾಡಿ ಹೋದ ಗೂಡು. ಹೋಗುವಾಗ ಅವರು ಗುಡಿಸಿ ಹೋಗಿರಲಿಲ್ಲ. ಬೆರಳಿಗೆ ಮೊದಲು ತಾಗಿದ್ದು ಮುಳ್ಳು, ಆಮೇಲೆ ಮತ್ತಷ್ಟು ಮುಳ್ಳು, ಅದರ ನಡುವೆ ಏನೋ ಜಿಬಿಜಿಬಿ. ಕೈ ಹೊರಗೆ ತೆಗೆಯಹೋದರೆ ಮಡಚಿದ ತೋಳಿನ ಅಂಗಿ ಮಣ್ಣಿಗೆ ಸಿಕ್ಕಿ ಬರಲಿಲ್ಲ. ಸುವರ್ಣಾ ನನ್ನ ಸೊಂಟ ಹಿಡಿದು ಎಳೆದಳು. ಕೈ ಹೊರಬಂದು ಇಬ್ಬರೂ ಹಿಂದಕ್ಕೆ ಬಿದ್ದೆವು. ನನ್ನ ಬಲಗೈ ಬೆರಳಿನಿಂದ ಭುಜದವರೆಗೆ ಮೀನಿನ ಎಲುಬು ಅಂಟಿಕೊಂಡು, ನಾಲ್ಕು ದಿನದ ಮೀನುಸಂತೆ ನಾರುವಂತೆ ನಾರುತ್ತಿತ್ತು. ಹೊಳೆಯಲ್ಲಿ ಮೂರು ಸಲ ತೊಳೆದೆ. ಹೊಳೆ ನಾರತೊಡಗಿತೇ ಹೊರತು ಕೈ ಸುಧಾರಿಸಲಿಲ್ಲ.

ಬಾದಾಮಿಗೆ ಬಂದು, ಗುಡೂರಿನ ಮೇಲೆ ಹುನಗುಂದಕ್ಕೆ ಬರುವ ಬಸ್ಸು ಹತ್ತಿದೆವು. ಕಿಟಕಿಯ ಬಳಿ ಕೂತು ಕೈಯನ್ನು ಹೊರಗೆ ಚಾಚಿದೆ. ಗಾಳಿ ಅದನ್ನು ಪ್ರಸಾದದಂತೆ ಹಿಂದಿನ ಸೀಟುಗಳಿಗೆಲ್ಲ ಹಂಚಿತು. "ಯಾರ್ರೀ ಅದು ಮೀನ ತಂದಾವ್ರು?" ಎಂದು ಕಂಡಕ್ಟರ್ ಕೇಳಿದ. ಯಾರೂ ಒಪ್ಪಲಿಲ್ಲ. ನಾನೂ ಒಪ್ಪದವರ ಪಕ್ಷ ಸೇರಿ ಬಹಳ ಬೇಸರದಿಂದ ಅತ್ತಿತ್ತ ನೋಡಿದೆ. ಆದರೆ ನಮ್ಮ ಓಣಿಯವರೊಬ್ಬರು ಎರಡು ಸೀಟು ಹಿಂದೆ ಇದ್ದರು. ಅವರ ಮೂಗು ಚುರುಕಾಗಿತ್ತು. ನಾಲಿಗೆ ಅದಕ್ಕಿಂತ ಚುರುಕು. ನಾವು ಮನೆ ಮುಟ್ಟಿ ಕೈಗೆ ಸೀಗೆಕಾಯಿ ಹಚ್ಚುವಷ್ಟರಲ್ಲಿ ಗುರುಲಿಂಗಪ್ಪನವರು ಬಾಗಿಲಲ್ಲಿ ನಿಂತಿದ್ದರು.

"ಮಾಸ್ತರ, ಈ ತಿಂಗಳ ಮುಗಿಯೂದ್ರಾಗ ಮನಿ ಖಾಲಿ ಮಾಡ್ರಿ."

"ಯಾಕ್ರಿ ಅಜ್ಜಾರ?" ಎಂದೆ, ಕೈಯನ್ನು ಬೆನ್ನ ಹಿಂದೆ ಮಾಡಿ.

"ಯಾಕ ಅಂತ ಮತ್ತ ನಮ್ಮನ್ನ ಕೇಳ್ತೀರಿ. ಮೊನ್ನೆ ಅರ್ಧ ತಾಸು ಮೀನ, ತತ್ತಿ ಅಂತ ಕೂಗ್ಯಾಡಿದ್ರಿ. ಇವತ್ತ ಪಟ್ಟದಕಲ್ಲಿಗೆ ಹೋಗಿ ತಿಂದ ಬಂದೀರಿ. ಶರಣರ ಮನಿ ಇದು."

ಹುನಗುಂದದಲ್ಲಿ ಅವರ ಮಾತೆಂದರೆ ಶಾಲೆಯ ಕಮಿಟಿಯ ಮಾತೇ. ಮನೆ ಹೋದರೆ ನೌಕರಿಯೂ ಹೋದ ಹಾಗೆ. ನಾನು ವಿಜ್ಞಾನದ ಭಾಷೆಯಲ್ಲಿ ವಿವರಿಸಲು ಶುರುಮಾಡಿದೆ. ಗೂಡು, ಸುರಂಗ, ಜೀರ್ಣವಾಗದ ಎಲುಬು ಎಂದೆಲ್ಲ ಹೇಳಿದಂತೆ ಅವರ ಮುಖ ಇನ್ನಷ್ಟು ಕೆಂಪಾಯಿತು. ಆಗ ಒಳಗಿನಿಂದ ಸುವರ್ಣಾ ಬಂದಳು. ತಲೆಯ ಮೇಲೆ ಸೆರಗು ಹೊದ್ದು, ಅವರಿಗೊಂದು ಕಂಬಳಿ ಹಾಸಿ, "ಕೂಡ್ರಿ ಅಜ್ಜಾರ," ಎಂದಳು. ಅವರು ಕೂತರು.

"ದಸರಾಕ್ಕ ನೀವು ನೀಲಕಂಠನ್ನ ನೋಡಿ ಕೈ ಮುಗೀತೀರಿ ಇಲ್ರೀ?"

"ಮುಗೀತೀನವ್ವಾ. ಶಿವನ ಹೆಸರಿಂದು ಅದು."

"ಅದರ ಅಣ್ಣನ ಮನಿಗೆ ಹೋಗಿದ್ರು ಇವ್ರು. ಅಣ್ಣನ ಮನಿ ಹೊಳೀ ದಂಡ್ಯಾಗ ಐತಿ. ಒಳಗ ಕೈ ಹಾಕಿದ್ರು, ಹೊಲಸ ಆತು. ಇವ್ರ ಬಾಯಿಗಿ ಏನೂ ಹೋಗಿಲ್ರಿ. ಬಾಯಿಂದ ಹೊರಗ ಬರೋದಾ ಭಾಳ."

ಗುರುಲಿಂಗಪ್ಪನವರು ಗೋಡೆಯ ಮೇಲಿನ ನಕ್ಷೆಯನ್ನು ನೋಡಿದರು. "ಅಣ್ಣ ಮೀನ ತಿಂತಾನ?"

"ತಿಂತಾನ್ರಿ."

"ತಮ್ಮ?"

"ತಮ್ಮ ಮಿಡತಿ, ಓತಿಕ್ಯಾತ, ಸಣ್ಣ ಕಪ್ಪಿ ತಿಂತಾನ್ರಿ."

ಇಷ್ಟು ವರ್ಷ ಕೈ ಮುಗಿದ ಹಕ್ಕಿಯ ಊಟದ ಪಟ್ಟಿ ಕೇಳಿ ಅವರು ಹಣೆಯ ವಿಭೂತಿ ಮುಟ್ಟಿಕೊಂಡರು. ಆಮೇಲೆ, "ಅದು ಅವರ ಮನಿ ಸುದ್ದಿ, ನಮಗ್ಯಾಕ," ಎಂದು ಎದ್ದರು. ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ, "ಇನ್ನೊಂದು ಸಲ ಜಳಕಾ ಮಾಡ್ರಿ ಮಾಸ್ತರ," ಎಂದು ಹೋದರು.

ನಾನು ಜಳಕ ಮಾಡಿದೆ. ಮಾಡಿ ಬಂದವನೇ ಟ್ರಂಕಿನ ತಳದಲ್ಲಿದ್ದ ಕಾಲೇಜಿನ ಪುಸ್ತಕ ತೆಗೆದೆ. ಮಿಂಚುಳ್ಳಿ, ನೀಲಕಂಠ, ಜೇನುಹಿಡುಕ ಒಂದೇ ಗಣದವು ಎಂದು ಅದರಲ್ಲಿ ಇತ್ತು. ದೂರದ ನೆಂಟನಾಗಿ ಚಂದ್ರಮುಕುಟವೂ ಇತ್ತು. ಆ ಪುಟದ ಅಂಚಿನಲ್ಲಿ 'ಮುಖ್ಯ' ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು. ಸುವರ್ಣಾಗೆ ತೋರಿಸಲಿಲ್ಲ. ಇಳಕಲ್ಲಿಗೆ ಹೋಗಿ ಮಿತ್ರನ ಕೈಕಾಲು ಹಿಡಿದು ಕೊಕ್ಕರೆಗಳನ್ನು ತೆಗೆಸಿ, ಹೊಸ ನೆಂಟರನ್ನು ಬರೆಸಿದೆ. ಹುಲ್ಲು ಮಾತ್ರ ಹಾಗೇ ಉಳಿಯಿತು.

ಬಾಗಲಕೋಟೆಯ ಪ್ರದರ್ಶನಕ್ಕೆ ಸುವರ್ಣಾಳೂ ಬಂದಳು. ಧಾರವಾಡದ ಕಡೆಯಿಂದ ಬಂದಿದ್ದ ವಯಸ್ಸಾದ ಪ್ರಾಧ್ಯಾಪಕರೊಬ್ಬರು ತೀರ್ಪುಗಾರರು. ನಕ್ಷೆಯ ಮುಂದೆ ನಿಂತು ತಲೆದೂಗಿದರು. "ಛಲೋ ಕೂಡಿಸೀರಿ. ಎಲ್ಲಾರೂ ಕೊಕ್ಕರಿ ಜೋಡಿ ಬರೀತಾರ. ನಿಮಗ ಹೆಂಗ ಹೊಳೀತು?"

"ಮನೆಯಲ್ಲಿ ಚರ್ಚೆ ನಡೆದಿತ್ತು, ಸರ್," ಎಂದೆ. ಯಾರ ಯಾರ ನಡುವೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಆದ್ರ ಮುಖ್ಯ ಸಾಕ್ಷಿ ಇರೋದು ಕಾಲಿನ್ಯಾಗ. ನೀವು ಅಲ್ಲೇ ಹುಲ್ಲು ಬೆಳೆಸೀರಿ. ಕಾಲಿನ ವಿಶೇಷ ಏನ ಹೇಳ್ರಿ ನೋಡೂಣು."

ನಾನು ಮೇಲೆ ನೋಡಿದೆ. ಮಂಗಳೂರು ಹಂಚು ಕಂಡಿತು. ಪುಸ್ತಕದಲ್ಲಿ ಅಷ್ಟು ದೂರ ಓದಿರಲಿಲ್ಲ. ನನ್ನ ಹಿಂದಿನಿಂದ ಮೆಲ್ಲಗೆ ಮಾತು ಬಂತು.

"ಮುಂದಿನ ಬೆರಳು ಬುಡಕ್ಕ ಕೂಡಿರತಾವ್ರಿ. ನಮ್ಮ ತೋಟದಾಗ ಬೆಕ್ಕಿನ ಬಾಯಿಂದ ಬಿಡಿಸಿ ನೋಡೀನಿ."

ಪ್ರಾಧ್ಯಾಪಕರು ನನ್ನನ್ನು ಬದಿಗೆ ಸರಿಸಿ ಅವಳ ಮುಂದೆ ಹೋಗಿ ನಿಂತರು. ಇಪ್ಪತ್ತು ನಿಮಿಷ ಮಾತಾಡಿದರು. ಆ ಇಪ್ಪತ್ತು ನಿಮಿಷ ನಾನು ಅವರ ಛತ್ರಿ ಹಿಡಿದುಕೊಂಡಿದ್ದೆ. ಸಮಾಧಾನಕರ ಬಹುಮಾನ ಬಂತು. ಪ್ರಶಸ್ತಿಪತ್ರದಲ್ಲಿ ನನ್ನ ಹೆಸರಿತ್ತು, ನೌಕರಿ ಕಾಯಂ ಆಯಿತು. ಬಸ್ಸಿನಲ್ಲಿ ಬರುವಾಗ, "ನಿನ್ನ ಹೆಸರು ಹೇಳಬೇಕಾಗಿತ್ತು," ಎಂದೆ. "ಹೇಳಿದ್ರ ನಿಮ್ಮ ನೌಕರಿ ನನಗ ಕಾಯಂ ಮಾಡತಿದ್ರು," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹುನಗುಂದ ಬರುವವರೆಗೂ ಚುಚ್ಚುತ್ತಿತ್ತು. ಮರುದಿನ ತರಗತಿಯಲ್ಲಿ ನಡೆದದ್ದನ್ನೆಲ್ಲ, ಮೀನಿನ ಕೈ ಸಮೇತ, ಹೇಳಿಬಿಟ್ಟೆ. ಮಾಸ್ತರನಾಗಿ ನಾನು ಮಾಡಿದ ಪಾಠಗಳಲ್ಲಿ ಮಕ್ಕಳು ಕಿವಿಗೊಟ್ಟು ಕೇಳಿದ್ದು ಅದೊಂದನ್ನೇ.

ಮಕ್ಕಳು ಅದನ್ನು ಊರೂರಿಗೆ ಮುಟ್ಟಿಸಿದರು; ಅದರ ಫಲವನ್ನು ಎಂಬತ್ತರ ದಶಕ ಪೂರ್ತಿ ಉಂಡೆ. ಗುಡೂರಿನಿಂದಲೋ ಇಳಕಲ್ಲಿನಿಂದಲೋ ಯಾರಾದರೂ ರೆಕ್ಕೆ ಮುರಿದ ಹಕ್ಕಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬರುವರು. ನಾನು ಬಾಗಿಲು ತೆಗೆದು, ಕನ್ನಡಕ ಸರಿಮಾಡಿಕೊಂಡು, "ಬರ್ರಿ, ಏನ ಸಮಾಚಾರ?" ಎನ್ನುವೆ. ಅವರು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ ಕೇಳುವರು:

"ಅಕ್ಕಾರು ಅದಾರೇನ್ರಿ?"