ಗಾಲಿಗೆ ಸುರಿದ ನೀರು

ಅಯ್ಯಾವುವಿನ ಬಂಡಿಯ ಗಾಲಿಯಿಂದ ಕಬ್ಬಿಣದ ಹಳಿ ಕಳಚಿ ಬಿದ್ದದ್ದು ಹೊರಡಬೇಕಾದ ಬೆಳಿಗ್ಗೆಯೇ. ಹೆಂಡತಿ ತಂಗಮ್ಮಾಳ್ ಜಗಳವಾಡಿ ಬೋಡಿನಾಯಕನೂರಿನ ತವರು ಸೇರಿದ್ದಳು. ಇವತ್ತು ಹೊತ್ತು ಮುಳುಗುವುದರೊಳಗೆ ಬಂದು ಕರೆದೊಯ್ಯದಿದ್ದರೆ ಮತ್ತೆ ಕಳಿಸುವುದಿಲ್ಲವೆಂದು ಮಾವ ಹೇಳಿಕಳಿಸಿದ್ದ.

ಕಮ್ಮಾರ ಪೆರಿಯಸಾಮಿ ಆಸಾರಿ ಹಳಿಯನ್ನು ಬೆಂಕಿಗಿಟ್ಟ. "ಕಾದರೆ ಹಿಗ್ಗತದೆ. ಗಾಲಿಗೆ ಕೂರಿಸಿದ ಕೂಡ್ಲೇ ನೀರು ಸುರೀಬೇಕು. ತಣ್ಣಗಾದ್ರೆ ಮರಾನ ಕಚ್ಚಿ ಹಿಡೀತದೆ. ತಡವಾದ್ರೆ ಗಾಲಿ ಬೂದಿ."

ಊರ ಬಾವಿಯ ಹೂಳು ತೆಗೆಯುತ್ತಿದ್ದರು. ಅಯ್ಯಾವು ದೂರದ ಕಾಲುವೆಯಿಂದ ನೀರು ಹೊತ್ತು ಬಾನಿ ತುಂಬಿಸಿದ.

ಆಸಾರಿ ಕೆಂಡದಂಥ ಹಳಿಯನ್ನು ಗಾಲಿಗೆ ಕೂರಿಸಿ, "ಸುರಿ" ಎಂದ. ಬಾನಿ ಖಾಲಿ.

"ಎತ್ತಿಗೆ ಕುಡಿಸ್ದೆ," ಎಂದ ಪಕ್ಕದ ಮನೆಯ ಮುತ್ತಯ್ಯ. "ಬೋಡಿವರೆಗೂ ನಡೀಬೇಕಲ್ಲ, ಪಾಪ."

ಹೊಸ ಸೊಸೆಯ ಒಲೆಯಂತೆ ಗಾಲಿ ಹೊಗೆಯಾಡಿತು. ಎದುರುಮನೆಯ ಕಣ್ಣಮ್ಮಾಳ್ ಓಡಿಬಂದು ಮಜ್ಜಿಗೆ ಸುರಿದಳು. "ನೀರಿಗಿಂತ ತಂಪು." ಬೀದಿಯೆಲ್ಲ ಸೀದ ಮೊಸರಿನ ವಾಸನೆ.

"ಉಷ್ಣಕ್ಕೆ ಎಳನೀರೇ ಒಳ್ಳೇದು," ಎಂದ ಮುತ್ತಯ್ಯ, ಕೂತಲ್ಲಿಂದಲೇ.

"ನೀರು ತರ್ರಪ್ಪಾ, ನೀರು," ಎಂದು ಆಸಾರಿ ತಲೆ ಚಚ್ಚಿಕೊಂಡ. ಬೀದಿಯ ಹೆಂಗಸರೆಲ್ಲ ಕುಡಿಯುವ ನೀರಿನ ಕೊಡಗಳನ್ನೇ ತಂದು ಸುರಿದರು. ಚುಂಯ್ ಎಂದು ಆವಿಯೆದ್ದಿತು. ಹಳಿ ಕಚ್ಚಿ ಕೂತಿತು.

ಅಯ್ಯಾವು ಎತ್ತು ಕಟ್ಟಿದ. ಕಣ್ಣಮ್ಮಾಳ್ ಬಂಡಿಗೆ ಅಡ್ಡ ನಿಂತಳು.

"ಎಲ್ಲಿಗಪ್ಪಾ? ನಮ್ಮ ಕೊಡ ತುಂಬೋರ್ಯಾರು? ಮನೇಲಿ ಬಾಯಿ ನೆನೆಸಾಕೂ ನೀರಿಲ್ಲ."

"ಹೆಂಡ್ತೀನ ಕರ್ಕೊಂಬಂದು ತುಂಬ್ತೀನಕ್ಕಾ."

"ಅವಳು ತವರಲ್ಲಿ ನೀರು ಕುಡ್ಕೊಂಡು ಸುಖವಾಗಿದಾಳೆ. ಇಲ್ಲಿ ಒಣಗ್ತಿರೋರು ನಾವು."

ಖಾಲಿ ಕೊಡಗಳು ತಾವೇ ಹತ್ತಿದಂತೆ ಬಂಡಿಯಲ್ಲಿ ತುಂಬಿಕೊಂಡವು. ಅಯ್ಯಾವು ಕಾಲುವೆಗೆ ಹೋದ, ಬಂದ, ಮತ್ತೆ ಹೋದ. ಒಂದು ಹನಿಯನ್ನೂ ಸುರಿಯದಿದ್ದವರೂ ಕೊಡ ಹಿಡಿದು ನಿಂತಿದ್ದರು. ಅವರಿಗೆ ಬೈಯಬೇಕಾದ ಬೈಗುಳವನ್ನೆಲ್ಲ ಅವನು ಎತ್ತುಗಳಿಗೆ ಬೈದ.

ಹೊತ್ತು ಇಳಿಯುತ್ತಿತ್ತು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಅಯ್ಯಾವು ಕಣ್ಣಮ್ಮಾಳ ಬಾಗಿಲಲ್ಲಿ ನಿಂತಿದ್ದಾಗ ಇನ್ನೊಂದು ಬಂಡಿ ಬಂದು ನಿಂತಿತು. ಅದರಲ್ಲಿ ಮಾವನಿದ್ದ, ತಂಗಮ್ಮಾಳ್ ಇದ್ದಳು. ಕಾಯಲಾರದೆ ಅವಳೇ ಬೆಳಿಗ್ಗೆ ಅಪ್ಪನನ್ನು ಹೊರಡಿಸಿಕೊಂಡು ಬಂದಿದ್ದಳು.

ಅವಳು ಗಂಡನ ಸೊಂಟದ ಕೊಡವನ್ನು ನೋಡಿದಳು, ಕಣ್ಣಮ್ಮಾಳನ್ನು ನೋಡಿದಳು.

"ಕಟ್ಕೊಂಡವಳಿಗೆ ಒಂದು ಚೆಂಬು ನೀರೂ ತಂದವರಲ್ಲ," ಎಂದಳು. "ಅಪ್ಪಾ, ಬಂಡಿ ತಿರುಗಿಸು."

ಅಯ್ಯಾವು ಬಾಯಿ ತೆರೆಯುವಷ್ಟರಲ್ಲಿ ಮುತ್ತಯ್ಯ ಅವನ ಪರವಾಗಿ ಎದ್ದು ಬಂದ. "ಹಂಗನ್ಬೇಡ ತಾಯೀ, ಬಂಗಾರದಂಥ ಮನುಷ್ಯ. ಬೆಳಗಿಂದ ನಿನ್ನ ನೆನಪೇ ಇಲ್ಲದಂಗೆ ನೀರು ಹೊರ್ತಾ ಇದಾನೆ."

ಮಾವ ಬಂಡಿ ತಿರುಗಿಸಿದ.